ಐಸಿಯು ಕೊಳವೆಗಳೊಳಗಿನ ಲೋಳೆಪದರದ ಬಗ್ಗೆ ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿಯೊಬ್ಬಳ ನಮಸ್ಕಾರಗಳು.

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಆ್ಯಂಟಿಬಯೋಟಿಕ್‌ಗಳ ದುರ್ಬಳಕೆಯ ಬಳಿಯೇ ನಿಂತುಬಿಡುತ್ತದೆ. ಆ ಚರ್ಚೆ ಬೇಕಾದದ್ದೇ. ಆದರೆ ವೆಂಟಿಲೇಟರ್ ಕೊಳವೆ, ಮೂತ್ರದ ಕ್ಯಾಥೆಟರ್ ಹಾಕಿಸಿಕೊಂಡು ಐಸಿಯುಗಳಲ್ಲಿ ಮಲಗಿರುವ ರೋಗಿಗಳ ಪಾಲಿಗೆ, ಆ ಪ್ಲಾಸ್ಟಿಕ್ಕಿನ ಮೇಲೆ ಬ್ಯಾಕ್ಟೀರಿಯಾಗಳು ಕಟ್ಟಿಕೊಳ್ಳುವ ಲೋಳೆಪದರ, ಅಂದರೆ ಬಯೋಫಿಲ್ಮ್, ಅಷ್ಟೇ ಗಂಭೀರವಾದ ಸಂಗತಿ. ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ತಿಳಿಸುವ ಪ್ರಯೋಗಾಲಯದ ಸೆನ್ಸಿಟಿವಿಟಿ ವರದಿ, ಪದರ ಕಟ್ಟದೆ ಚುರುಕಾಗಿ ಬೆಳೆಯುವ ಕೋಶಗಳ ಸ್ಥಿತಿಯನ್ನಷ್ಟೇ ಹೇಳುತ್ತದೆ. ಅದೇ ಬ್ಯಾಕ್ಟೀರಿಯಾ ಪದರದೊಳಗೆ ಸೇರಿಕೊಂಡಾಗ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹೆಚ್ಚು ಔಷಧವನ್ನೂ ತಾಳಿಕೊಳ್ಳಬಲ್ಲದು. ವರದಿಯಲ್ಲಿ ಕೆಲಸ ಮಾಡುವ ಔಷಧ ಹಾಸಿಗೆಯ ಬಳಿ ಸೋಲುವುದಕ್ಕೂ, ಕೊಳವೆ ತೆಗೆಯುವವರೆಗೆ ಜ್ವರ ಮರುಕಳಿಸುವುದಕ್ಕೂ ಇದು ಒಂದು ಮುಖ್ಯ ಕಾರಣ.

ಐಸಿಯು ರೋಗಿಗಳನ್ನು ಕಾಡುವ ಅಸಿನೆಟೊಬ್ಯಾಕ್ಟರ್ ಬೌಮಾನಿ ಎಂಬ ಬ್ಯಾಕ್ಟೀರಿಯಾವನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೂ 2024ರಲ್ಲೂ ಕಾರ್ಬಪೆನೆಮ್ ಎಂಬ ಪ್ರಬಲ ಆ್ಯಂಟಿಬಯೋಟಿಕ್‌ಗಳ ಗುಂಪಿಗೆ ಬಗ್ಗದ ಇದರ ತಳಿಗಳನ್ನು ಅತ್ಯಂತ ಕಳವಳಕಾರಿ ರೋಗಾಣುಗಳ ಸಾಲಿನಲ್ಲಿ ಇರಿಸಿತು. ಇದರ ಆಕ್ಸಾ-23 ಜೀನ್ ಅದೇ ಗುಂಪಿನ ಮೆರೊಪೆನೆಮ್‌ನಂತಹ ಔಷಧವನ್ನು ಒಡೆಯುವ ಕಿಣ್ವವನ್ನು ತಯಾರಿಸುತ್ತದೆ. ಪದರ ಕಟ್ಟುವ ಕೆಲಸ ಬೇರೆ ಜೀನ್‌ಗಳದ್ದು: ಸಿಎಸ್‌ಯು ಗುಂಪಿನ ಜೀನ್‌ಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವ ಸೂಕ್ಷ್ಮ ಎಳೆಗಳನ್ನು ಹೆಣೆಯುತ್ತವೆ, ಪಿಜಿಎ ಗುಂಪಿನವು ಅಂಟಾದ ಸಕ್ಕರೆಸರಪಳಿಯನ್ನು ಸುರಿಸುತ್ತವೆ, ಬ್ಯಾಪ್ ಎಂಬ ಭಾರೀ ಗಾತ್ರದ ಪ್ರೋಟೀನು ಪದರ ಬಲಿಯಲು ನೆರವಾಗುತ್ತದೆ. ಸಿಎಸ್‌ಯು ಗುಂಪಿಗೆ ಆಜ್ಞೆ ಕೊಡುವ ಬಿಎಫ್‌ಎಂಆರ್ ಎಂಬ ನಿಯಂತ್ರಕ ಜೀನ್, ಬ್ಯಾಕ್ಟೀರಿಯಾ ಔಷಧದ ಹೊಡೆತವನ್ನು ತಾಳಿಕೊಳ್ಳುವುದರಲ್ಲೂ ಪಾಲುಗೊಳ್ಳುತ್ತದೆ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ. ಕೋಶಗಳು ಒತ್ತೊತ್ತಾಗಿ ಬದುಕುವ ಇಂತಹ ಪದರಗಳಲ್ಲಿ ಪ್ರತಿರೋಧದ ಜೀನ್ ಹೊತ್ತ ಪ್ಲಾಸ್ಮಿಡ್‌ಗಳು, ಅಂದರೆ ಪುಟ್ಟ ಡಿಎನ್‌ಎ ಉಂಗುರಗಳು, ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವುದೂ ಸುಲಭ.

ಹಾಗೆಂದು ಜೀನ್ ಪತ್ತೆಯಾದ ಮಾತ್ರಕ್ಕೆ ತೀರ್ಮಾನಕ್ಕೆ ಬರುವಂತಿಲ್ಲ. ಈ ಜೀನ್‌ಗಳೆಲ್ಲ ಎಲ್ಲ ತಳಿಗಳಲ್ಲೂ ಇರುವುದಿಲ್ಲ, ಇದ್ದರೂ ಎಚ್ಚೆತ್ತಿರಬೇಕೆಂದಿಲ್ಲ. ಔಷಧಕ್ಕೆ ಹೆಚ್ಚು ಬಗ್ಗದ ತಳಿಯೇ ಹೆಚ್ಚು ದಪ್ಪ ಪದರ ಕಟ್ಟುತ್ತದೆ ಎಂಬ ಸರಳ ನಿಯಮವೂ ಇಲ್ಲ. ಆದ್ದರಿಂದ ಜೀನ್ ಇದೆಯೇ ಎಂದು ಹುಡುಕುವ ಪಿಸಿಆರ್ ವರದಿ ಅಥವಾ ಇಡೀ ಡಿಎನ್‌ಎಯನ್ನು ಓದುವ ಜೀನೋಮ್ ವರದಿಯ ಜೊತೆಗೆ, ಪದರವನ್ನು ಬಣ್ಣದಿಂದ ತೋರಿಸುವ ಕ್ರಿಸ್ಟಲ್ ವಯಲೆಟ್ ಪರೀಕ್ಷೆಯೂ ನಡೆಯಬೇಕು. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಒಂದು ದಿನ ಬೆಳೆಸಿ, ತೇಲುವ ಕೋಶಗಳನ್ನು ತೊಳೆದು, ಬಣ್ಣ ಹಾಕಿ ಮತ್ತೆ ತೊಳೆದರೆ, ಪದರ ಕಟ್ಟಿದ ಗುಳಿಗಳಲ್ಲಿ ಮಾತ್ರ ಗಾಢ ನೇರಳೆ ಬಣ್ಣ ಉಳಿಯುತ್ತದೆ. ಬಣ್ಣಕ್ಕೆ ಹೆಚ್ಚು ಖರ್ಚಿಲ್ಲ, ಸ್ನಾತಕೋತ್ತರ ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ.

ಕೋವಿಡ್ ಕಾಲದಲ್ಲಿ ಕೊರೊನಾ ವೈರಸ್ಸಿನ ಜೀನೋಮ್ ಅಧ್ಯಯನಕ್ಕಾಗಿ ರೂಪುಗೊಂಡ ಇನ್ಸಾಕಾಗ್ ಎಂಬ ರಾಷ್ಟ್ರೀಯ ಪ್ರಯೋಗಾಲಯಗಳ ಜಾಲದ ಮೂಲಕ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್‌ನಂತಹ ಸಂಸ್ಥೆಗಳು ವೈರಸ್ಸಿನ ಜೀನೋಮ್ ಓದಿದವು. ಆ ಪರಿಣತಿಯನ್ನು ಜಿಲ್ಲಾ ಆಸ್ಪತ್ರೆಗಳ ಐಸಿಯುಗಳಿಂದ ಬರುವ ಅಸಿನೆಟೊಬ್ಯಾಕ್ಟರ್ ಮತ್ತು ಆಸ್ಪತ್ರೆ ಸೋಂಕು ತರುವ ಇನ್ನೊಂದು ಬ್ಯಾಕ್ಟೀರಿಯಾ ಆದ ಕ್ಲೆಬ್ಸಿಯೆಲ್ಲಾದ ಮಾದರಿಗಳಿಗೂ ಬಳಸಿಕೊಳ್ಳಲು ರಾಜ್ಯವೇ ಮುಂದಾಗಿ ಒಪ್ಪಂದ ಮಾಡಿಕೊಳ್ಳಬೇಕೆಂದು ಕೋರುತ್ತೇನೆ. ಅದಕ್ಕೆ ಮೊದಲು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಕಲ್ಚರ್ ಮಾಡಬಲ್ಲ, ಅಂದರೆ ರೋಗಿಯ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಬಲ್ಲ ಪ್ರಯೋಗಾಲಯವೂ ಅದನ್ನು ನಡೆಸುವ ಕಾಯಂ ಸೂಕ್ಷ್ಮಜೀವಿ ತಜ್ಞರೂ ಇರಬೇಕು. ಮಾದರಿಯೇ ಬರದಿದ್ದರೆ ಜೀನೋಮ್ ಯಂತ್ರಕ್ಕೆ ಓದಲು ಏನೂ ಇರುವುದಿಲ್ಲ.

ಇಷ್ಟಕ್ಕೆಲ್ಲ ಬಜೆಟ್ ಬೇಕು, ಸಮಯ ಬೇಕು ಎಂಬುದನ್ನು ಬಲ್ಲೆ. ಆದರೆ ಐಸಿಯುವಿನ ಪ್ರತಿ ರೋಗಿಯ ಕೊಳವೆ ಇನ್ನೂ ಬೇಕೇ ಎಂದು ವೈದ್ಯರು ದಿನವೂ ಪರಿಶೀಲಿಸಿ ಕೇಸ್ ಶೀಟಿನಲ್ಲಿ ಬರೆಯಬೇಕು, ಕೊಳವೆ ಇದ್ದ ದಿನಗಳನ್ನೂ ಸೋಂಕುಗಳನ್ನೂ ಆಸ್ಪತ್ರೆ ಪ್ರತಿ ತಿಂಗಳು ಇಲಾಖೆಗೆ ಕಳುಹಿಸಬೇಕು ಎಂಬ ಸುತ್ತೋಲೆಗೆ ಹೊಸ ಯಂತ್ರ ಬೇಕಿಲ್ಲ. ಅದನ್ನು ಈ ತಿಂಗಳೇ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಸರ್ಕಾರಿ ವೈದ್ಯಕೀಯ ಕಾಲೇಜೊಂದರ ಅಧ್ಯಾಪಕಿ