ಯಾವ ಸೀಮೆ ‘ಎನ್ನಲಾದ’?

ಸಂಪಾದಕರೇ,

ಬರ್ಲಿನ್‌ನ ನಮ್ಮ ಬೀದಿಯಲ್ಲಿ ಅಂಚೆ ಪೆಟ್ಟಿಗೆಗಳಿಗೆ ಯಹೂದಿಗಳ ನರಮೇಧವನ್ನು ಅಲ್ಲಗಳೆಯುವ ಕರಪತ್ರ ತುರುಕಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೂ ಬಂದಿದೆ ಎಂದು ಮೈಸೂರಿನಿಂದ ತಂಗಿ ಫೋಟೊ ಕಳಿಸಿದಳು. ಓದಿ ಮೈ ಉರಿಯಿತು. ನಿಮ್ಮ ವರದಿ ಬರೆದದ್ದು ಹೀಗೆ: ‘ನಾಜಿಗಳು ಕೊಂದರು ಎನ್ನಲಾದ 60 ಲಕ್ಷ ಯಹೂದಿಗಳು.’ ಎನ್ನಲಾದ! ಸರಗಳ್ಳರಿಗೆ ಬಳಸುವ ಪದ ಇಲ್ಲಿಗೂ ಬಂತಲ್ಲ. ತೀರ್ಪು ಬರಲಿ ಅಂತಲಾ? ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿಯ ತೀರ್ಪು 1946ರಲ್ಲೇ ಬಂದಿದೆ. ಈ ನರಮೇಧವನ್ನು ಅಲ್ಲಗಳೆದ ಬ್ರಿಟಿಷ್ ಲೇಖಕ ಡೇವಿಡ್ ಇರ್ವಿಂಗ್, ತನ್ನನ್ನು ಸುಳ್ಳುಗಾರ ಎಂದರೆಂದು ತಾನೇ ಲಂಡನ್ ಕೋರ್ಟಿಗೆ ಹೋಗಿ, 2000ದಲ್ಲಿ ಸೋತು ಬಂದ. ಇನ್ನೂ ಎಷ್ಟು ಕಾಯಬೇಕು?

ಕರಪತ್ರದಲ್ಲಿದ್ದದ್ದು ಹಳೇ ಸುಳ್ಳೇ. ಸತ್ತವರು ಬರೀ 2 ಲಕ್ಷ 71 ಸಾವಿರ, ರೆಡ್‌ಕ್ರಾಸ್ ಲೆಕ್ಕವಂತೆ. ಅಸಲಿಗೆ ಅದು ಜರ್ಮನಿಯ ಆರೋಲ್ಸೆನ್ ಊರಿನ ಕಚೇರಿಯೊಂದು ಅರ್ಜಿ ಹಾಕಿದವರಿಗೆ ಕೊಟ್ಟ ಮರಣ ಪ್ರಮಾಣಪತ್ರಗಳ ಲೆಕ್ಕ. ರೈಲಿನಿಂದ ಇಳಿಸಿ ನೇರ ವಿಷಾನಿಲದ ಕೋಣೆಗೆ ನೂಕಿದವರ ಹೆಸರನ್ನು ಶಿಬಿರದವರು ಬರೆದುಕೊಳ್ಳಲೇ ಇಲ್ಲ. ಆಷ್‌ವಿಟ್ಸ್ ಶಿಬಿರ ಒಂದರಲ್ಲೇ ಸುಮಾರು 11 ಲಕ್ಷ ಜನ ಸತ್ತರು. ಮನೆಮಂದಿಯೆಲ್ಲ ಹೋದ ಮೇಲೆ ಅರ್ಜಿ ಹಾಕೋರು ಯಾರು?

ನಮ್ಮಪ್ಪ ತೀರಿಕೊಂಡಾಗ ಮರಣ ಪ್ರಮಾಣಪತ್ರಕ್ಕೆ ನಾನು ಊರಿನ ಕಚೇರಿಗೆ ಎಂಟು ಸಲ ಅಲೆದೆ. ಒಂದು ಸಲ ಸಾಹೇಬರು ಊಟಕ್ಕೆ, ಒಂದು ಸಲ ಸರ್ವರ್ ಡೌನ್. ಕೊನೆಗೆ ಹೆಸರು ತಪ್ಪಾಗಿ ಬಂತು. ಈ ಕರಪತ್ರದ ಲೆಕ್ಕದಲ್ಲಿ ನಮ್ಮಪ್ಪ ಇನ್ನೂ ಬದುಕಿದ್ದಾರೆ!

ಹಾಳೆಯ ಹಿಂಬದಿ ಏನಿತ್ತು ಗೊತ್ತಾ? ‘ವಲಸಿಗರನ್ನು ಓಡಿಸಿ.’ ಅದನ್ನು ನಿಮ್ಮ ವರದಿ ಬಿಟ್ಟೇಬಿಟ್ಟಿದೆ. ಮುಂದಿನ ಬದಿಯಲ್ಲಿ ಹಿಟ್ಲರನ ಕೈ ತೊಳೆಸೋದು, ಹಿಂದಿನ ಬದಿಯಲ್ಲಿ ನನ್ನನ್ನು ವಿಮಾನ ಹತ್ತಿಸೋದು. ಸುಮ್ನೆ ಇತಿಹಾಸದ ಚರ್ಚೆ ಅಂದುಕೊಂಡಿರಾ?

ಈ ಸುಳ್ಳು ಹಂಚಿದರೆ ಇಲ್ಲಿ 5 ವರ್ಷದವರೆಗೆ ಜೈಲು. ಹಂಚಿದವನು ಸಿಕ್ಕಿಲ್ಲ, ಸಿಕ್ಕಿದ್ದು ನಾನು. ಪೊಲೀಸರು ಎರಡು ಸಲ ಕರೆಸಿದರು, ಒಂದು ದಿನದ ರಜೆ ಹೋಯಿತು. ಕಾಗದವನ್ನು ಬರಿಗೈಯಲ್ಲಿ ಯಾಕೆ ಮುಟ್ಟಿದಿರಿ ಅಂತ ಎರಡೂ ಸಲ ಕೇಳಿದರು. ಇನ್ನು ಮೇಲೆ ಗ್ಯಾಸ್ ಬಿಲ್ ತೆಗೆಯಲೂ ಕೈಗವಸು ಹಾಕ್ತೀನಿ. ವೀಸಾ ಕಚೇರಿಯವರು ಐದು ತಿಂಗಳಿಂದ ಒಂದು ತಾರೀಖು ಕೊಟ್ಟಿಲ್ಲ, ಆ ಕಥೆ ಬೇರೆ.

ನಾನು ದಿನಾ ಗ್ರುನೆವಾಲ್ಡ್ ಸ್ಟೇಷನ್‌ನಲ್ಲಿ ರೈಲು ಹತ್ತುವವನು. ಅಲ್ಲಿ 17ನೇ ಪ್ಲಾಟ್‌ಫಾರ್ಮ್ ಅಂಚಿನ ಉಕ್ಕಿನ ಹಲಗೆಗಳಲ್ಲಿ ಯಾವ ತಾರೀಖು, ಎಷ್ಟು ಯಹೂದಿಗಳನ್ನು, ಎಲ್ಲಿಗೆ ನಾಜಿಗಳು ರೈಲಿನಲ್ಲಿ ಸಾಗಿಸಿದರು ಎಂದು ಬರೆದಿದೆ. ನಿಮ್ಮ ವರದಿಗಾರರು ಒಮ್ಮೆ ಬಂದು ‘ಎನ್ನಲಾದ’ ಎಲ್ಲಿದೆ ಅಂತ ಹುಡುಕಲಿ.

ದಯವಿಟ್ಟು ಆ ಪದ ತೆಗೆಯಿರಿ. ಯಾರು ಸೇರಿಸಿದರು ಅಂತಲೂ ವಿಚಾರಿಸಿ. ಹಾಗೇ, ಊರಿನ ಆ ಕಚೇರಿಯವರು ಇದನ್ನು ಓದಿದರೆ: ನಮ್ಮಪ್ಪನ ಹೆಸರಲ್ಲಿ ‘ಲ’ ಅಲ್ಲ, ‘ಳ’.

– ಒಬ್ಬ ಓದುಗ, ಬರ್ಲಿನ್