ಪೈ ಬೋರ್ಡಿನ ವೈ-ಫೈ: ಲ್ಯಾಬ್ ಕೈಪಿಡಿಗಳು ಬದಲಾಗಲಿ

ಮಾನ್ಯ ಸಂಪಾದಕರೇ,

ಶಾಲೆಯ ಲ್ಯಾಬ್‌ಗಳಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡುಗಳನ್ನು ‘ವೈ-ಫೈ ಹೋಗಿದೆ’ ಎಂದು ಬೀರುವಿಗೆ ಸೇರಿಸಿ ಹೊಸದಕ್ಕೆ ದುಡ್ಡು ಸುರಿಯುವುದು ನಿಲ್ಲಬೇಕು. ಹಾಗೆ ಮೂಲೆಗೆ ಬೀಳುವ ಬೋರ್ಡುಗಳಲ್ಲಿ ಬಹಳಷ್ಟು ಸರಿಯಾಗಿಯೇ ಇರುತ್ತವೆ. ಕೈಪಿಡಿಯ ಸೂಚನೆ ಹಳತಾಗಿರುತ್ತದೆ, ಇಲ್ಲವೇ ಕರೆಂಟು ಸಾಲದೆ ಇರುತ್ತದೆ.

ಮೆಮೊರಿ ಕಾರ್ಡಿನ ಬೂಟ್ ಭಾಗದಲ್ಲಿ (ಬೋರ್ಡು ಆನ್ ಆಗುವಾಗ ಮೊದಲು ಓದುವ ಭಾಗ) ‘ಡಬ್ಲ್ಯುಪಿಎ ಸಪ್ಲಿಕಂಟ್’ (wpa_supplicant.conf) ಎಂಬ ಫೈಲ್ ಇಟ್ಟು, ಅದರಲ್ಲಿ ವೈ-ಫೈ ಹೆಸರು, ಪಾಸ್‌ವರ್ಡ್ ಬರೆಯಿರಿ ಎಂದು ಲ್ಯಾಬ್ ನೋಟ್ಸ್‌ಗಳು ಈಗಲೂ ಹೇಳುತ್ತವೆ. 2023ರ ಅಕ್ಟೋಬರ್‌ನಲ್ಲಿ ಬಂದ, ಪೈಯ ಆಪರೇಟಿಂಗ್ ಸಿಸ್ಟಮ್‌ನ ‘ಬುಕ್‌ವರ್ಮ್’ ಆವೃತ್ತಿಯಿಂದ ಈ ಕೆಲಸವನ್ನು ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಂ ವಹಿಸಿಕೊಂಡಿದೆ. ಬೂಟ್ ಭಾಗದಲ್ಲಿಟ್ಟ ಆ ಫೈಲಿಗೆ ಈಗ ಬೆಲೆಯಿಲ್ಲ. ಆಪರೇಟಿಂಗ್ ಸಿಸ್ಟಮನ್ನು ಕಾರ್ಡಿಗೆ ಬರೆಯುವಾಗಲೇ, ಅದಕ್ಕೆಂದೇ ಇರುವ ರಾಸ್ಪ್‌ಬೆರಿ ಪೈ ಇಮೇಜರ್ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಹೆಸರು, ಪಾಸ್‌ವರ್ಡ್, ದೇಶ ಮೂರನ್ನೂ ತುಂಬಬೇಕು. ಕಾರ್ಡ್ ಬರೆದಾಗಿದ್ದರೆ ಮಾನಿಟರ್, ಕೀಬೋರ್ಡ್ ಜೋಡಿಸಿ ಟರ್ಮಿನಲ್‌ನಲ್ಲಿ ‘ಸುಡೊ ಎನ್‌ಎಂಟಿಯುಐ’ (sudo nmtui) ಎಂದು ಕೊಟ್ಟರೆ ವೈ-ಫೈ ಜೋಡಿಸುವ ಮೆನು ತೆರೆದುಕೊಳ್ಳುತ್ತದೆ.

ದೇಶ ತುಂಬುವುದನ್ನು ಬಿಟ್ಟರೆ ನಡೆಯುತ್ತದೆ ಎಂದುಕೊಳ್ಳಬೇಡಿ. 5 ಗಿಗಾಹರ್ಟ್ಸ್ ವೈ-ಫೈ ಬಲ್ಲ ಬೋರ್ಡುಗಳಲ್ಲಿ ದೇಶ ಗೊತ್ತಾಗುವವರೆಗೆ ರೇಡಿಯೊ ಬಂದ್ ಇರುತ್ತದೆ. ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಆಜ್ಞೆ ಕೊಟ್ಟಾಗ ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದು ಬಂದರೆ ಮೊದಲು ಇದನ್ನೇ ಅನುಮಾನಿಸಿ, ರಾಸ್‌ಪಿ-ಕಾನ್ಫಿಗ್ (raspi-config) ಎಂಬ ಸೆಟ್ಟಿಂಗ್ಸ್ ಮೆನುವಿನ ಲೋಕಲೈಸೇಶನ್ ವಿಭಾಗದಲ್ಲಿ ಇಂಡಿಯಾ ಆರಿಸಿ. ಅಲ್ಲಿ ಅಮೆರಿಕ ಎಂದಿದ್ದು ರೂಟರ್ 13ನೇ ಚಾನೆಲ್ ಹಿಡಿದಿದ್ದರೆ, ಫೋನಿಗೆ ಕಾಣುವ ವೈ-ಫೈ ಬೋರ್ಡಿಗೆ ಕಾಣುವುದಿಲ್ಲ.

ಪೈ 3ಬಿ, ಜೀರೊ ಡಬ್ಲ್ಯು, ಜೀರೊ 2 ಡಬ್ಲ್ಯು ಇವು ಮೂರಕ್ಕೂ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಹಾಸ್ಟೆಲ್ ಹುಡುಗರು ಫೋನಿನ ಹಾಟ್‌ಸ್ಪಾಟ್ ಕೊಟ್ಟು ಪರದಾಡುವುದು ಇಲ್ಲೇ. ಹಾಟ್‌ಸ್ಪಾಟ್‌ನ ಬ್ಯಾಂಡ್ 2.4ಕ್ಕೆ ಬದಲಿಸಿ, ಐಫೋನ್ ಆದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ. ಪಾಸ್‌ವರ್ಡ್ ಸರಿಯಿದ್ದೂ ತಿರಸ್ಕರಿಸುತ್ತಿದ್ದರೆ ರೂಟರ್‌ನ ಭದ್ರತಾ ವಿಧಾನದಲ್ಲಿ ಹೊಸದಾದ ಡಬ್ಲ್ಯುಪಿಎ3 ಮಾತ್ರ ಇದೆಯೇ ನೋಡಿ, ಡಬ್ಲ್ಯುಪಿಎ2ಕ್ಕೆ ಇಳಿಸಿ ಪರೀಕ್ಷಿಸಿ.

ಇನ್ನು ಕರೆಂಟಿನ ವಿಷಯ. ವೈ-ಫೈ ಸಿಕ್ಕಿ ಸಿಕ್ಕಿ ಹೋಗುತ್ತಿದ್ದರೆ ರೂಟರ್‌ಗೆ ಕೈ ಹಾಕುವ ಮೊದಲು ಚಾರ್ಜರನ್ನೂ ಕೇಬಲನ್ನೂ ನೋಡಬೇಕು. ಪೈ 3ಕ್ಕೆ 5.1 ವೋಲ್ಟ್, 2.5 ಆಂಪ್ ಬೇಕು. ಪೈ 4ಕ್ಕೆ 3 ಆಂಪ್. ಪೈ 5ಕ್ಕೆ 5 ವೋಲ್ಟ್, 5 ಆಂಪ್. ಚಾರ್ಜರ್ ಮೇಲೆ ಅಷ್ಟು ಬರೆದಿದ್ದರೂ ಉದ್ದನೆಯ, ತೆಳು ತಂತಿಯ ಮೊಬೈಲ್ ಕೇಬಲ್ ದಾರಿಯಲ್ಲೇ ವೋಲ್ಟೇಜ್ ತಿಂದುಹಾಕುತ್ತದೆ. ಕ್ಯಾಮೆರಾ, ಪೆನ್‌ಡ್ರೈವ್ ಜೋಡಿಸಿದಾಗ, ವೈ-ಫೈ ಡೇಟಾ ಕಳಿಸುವಾಗ ಕರೆಂಟಿನ ಬೇಡಿಕೆ ಏರಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಇದನ್ನು ತಿಳಿಯಲು ‘vcgencmd get_throttled’ ಆಜ್ಞೆ ಕೊಡಿ. ಉತ್ತರದಲ್ಲಿ ‘0x’ ಆದ ಮೇಲೆ ಬರೀ 0 ಇದ್ದರೆ ಚಿಂತೆಯಿಲ್ಲ. 50000 ಇದ್ದರೆ ಆನ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದಿತ್ತು, 50005 ಇದ್ದರೆ ಈ ಕ್ಷಣವೂ ಸಾಲುತ್ತಿಲ್ಲ. ಗಿಡ್ಡ, ದಪ್ಪ ಕೇಬಲ್ ಹಾಕಿ ಮತ್ತೆ ನೋಡಿ.

ಕರೆಂಟು ಸರಿಯಿದ್ದೂ ಬೋರ್ಡು ಸುಮ್ಮನಿದ್ದಾಗ ಉತ್ತರ ತಡವಾಗುತ್ತಿದ್ದರೆ ಅದು ವಿದ್ಯುತ್ ಉಳಿಸುವ ವೈ-ಫೈ ಪವರ್ ಸೇವ್‌ನ ಕೆಲಸವಿರಬಹುದು. ‘ಸುಡೊ ಐಡಬ್ಲ್ಯು’ (sudo iw) ಆಜ್ಞೆಯಿಂದ ಆಫ್ ಮಾಡಿದರೆ ರೀಬೂಟ್‌ವರೆಗೆ ಮಾತ್ರ; ನೆಟ್‌ವರ್ಕ್ ಮ್ಯಾನೇಜರ್‌ನ ಆಜ್ಞೆಯಾದ ಎನ್‌ಎಂಸಿಎಲ್‌ಐನಲ್ಲಿ (nmcli) ಆ ಸಂಪರ್ಕದ ‘ಪವರ್‌ಸೇವ್’ ಮೌಲ್ಯವನ್ನು 2 ಮಾಡಿದರೆ ಕಾಯಂ ಆಗಿ ನಿಲ್ಲುತ್ತದೆ. ಲೋಹದ ಡಬ್ಬಿ ಆಂಟೆನಾಗೆ ಅಡ್ಡ. ಯುಎಸ್‌ಬಿ 3 ಡಿಸ್ಕ್‌ಗಳು 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಎಬ್ಬಿಸುತ್ತವೆ, ಅವನ್ನು ಕೇಬಲ್ ಹಾಕಿ ದೂರವಿಡಿ.

ಸಂಪರ್ಕ ಸಿಕ್ಕೂ ಇಂಟರ್ನೆಟ್ ಇಲ್ಲದಿದ್ದರೆ ಮೊದಲು ರೂಟರ್‌ಗೆ, ಆಮೇಲೆ 8.8.8.8ಕ್ಕೆ, ಕೊನೆಗೆ ಒಂದು ವೆಬ್‌ಸೈಟ್ ಹೆಸರಿಗೆ ಪಿಂಗ್ ಮಾಡಿ (ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ). ಕೊನೆಯದು ಮಾತ್ರ ಸೋತರೆ ಅದು ವೆಬ್‌ಸೈಟ್ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್‌ನ ತೊಂದರೆ, ವೈ-ಫೈಯದಲ್ಲ. ಪೈ 4 ಮತ್ತು ಅದಕ್ಕೂ ಹಳೆಯ ಬೋರ್ಡುಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲ, ಸಮಯವನ್ನು ಇಂಟರ್ನೆಟ್‌ನಿಂದ ಪಡೆಯುತ್ತವೆ. ಕಾಲೇಜಿನ ಫೈರ್‌ವಾಲ್ ಸಮಯದ ಸರ್ವರ್ ತಡೆದರೆ ಬೋರ್ಡಿನ ದಿನಾಂಕ ತಪ್ಪಿ ಸುರಕ್ಷಿತ ವೆಬ್‌ಸೈಟ್‌ಗಳು ತೆರೆಯುವುದಿಲ್ಲ. ಬೈಗುಳ ಮಾತ್ರ ವೈ-ಫೈಗೆ ಸಿಗುತ್ತದೆ!

ಲ್ಯಾಬ್ ಕೈಪಿಡಿ ಬರೆಯುವ ಅಧ್ಯಾಪಕರಲ್ಲಿ, ತಂತ್ರಜ್ಞಾನದ ಅಂಕಣ ಪ್ರಕಟಿಸುವ ತಮ್ಮಲ್ಲಿ ಒಂದು ಕೋರಿಕೆ. ಪ್ರತಿ ಸೂಚನೆಯ ತಲೆಯಲ್ಲಿ ಅದು ಯಾವ ಬೋರ್ಡಿಗೆ, ಆಪರೇಟಿಂಗ್ ಸಿಸ್ಟಮ್‌ನ ಯಾವ ಆವೃತ್ತಿಗೆ, ಯಾವ ತಿಂಗಳು ಪರೀಕ್ಷಿಸಿದ್ದು ಎಂದು ನಮೂದಿಸಿ. ಬೋರ್ಡನ್ನು ಗುಜರಿಗೆ ಹಾಕುವ ಮುನ್ನ ಹೊಸ ಕಾರ್ಡ್, ಸರಿಯಾದ ಚಾರ್ಜರ್ ಎರಡನ್ನೂ ಹಾಕಿ ಪರೀಕ್ಷಿಸುವುದನ್ನು ಲ್ಯಾಬ್‌ನ ನಿಯಮವಾಗಿಸಿ.

– ಓದುಗ, ಹುಬ್ಬಳ್ಳಿ