ಮಗಳಿಗೊಂದು ಪತ್ರ: ಟ್ಯಾಂಕಿನ ಲೆಕ್ಕ

ಪೆರ್ಲ, ಕಾಸರಗೋಡು

ಪ್ರೀತಿಯ ಮಗಳೇ,

ಒಬ್ಬಳೇ ದೂರ ಹಾರುವ ಪಾಠ ಶುರುವಾಗುತ್ತದೆ ಅಂದೆಯಲ್ಲ, ಅದಕ್ಕೆ ಮೊದಲು ಇಂಧನದ ಮಾತು ಮುಗಿಸಿಬಿಡುತ್ತೇನೆ. ಸಣ್ಣ ವಿಮಾನದ ಎಂಜಿನ್ ಆಕಾಶದಲ್ಲಿ ನಿಂತಿತೆಂದರೆ ಯಂತ್ರ ಕೆಟ್ಟಿತೆಂದೇ ಜನ ತಿಳಿಯುತ್ತಾರೆ. ಎಷ್ಟೋ ಸಲ ಯಂತ್ರ ಸರಿಯಾಗಿಯೇ ಇರುತ್ತದೆ, ಟ್ಯಾಂಕಿನಲ್ಲಿ ಏನೂ ಇರುವುದಿಲ್ಲ.

ಫುಲ್ ಟ್ಯಾಂಕ್ ಹಾಕಿಸಿದರಾಯಿತಲ್ಲ ಎನ್ನಬೇಡ. ಎರಡು ಸೀಟಿನ ತರಬೇತಿ ವಿಮಾನ ಸೆಸ್ನಾ 152ರ ಗರಿಷ್ಠ ತೂಕ 757 ಕಿಲೋ. ಟ್ಯಾಂಕ್ ತುಂಬಿಸಿ ಇಬ್ಬರು ದೊಡ್ಡವರು ಕೂತರೆ ಆ ಮಿತಿ ಸುಲಭವಾಗಿ ಮೀರುತ್ತದೆ. ಹಾಗಾಗಿ ತರಬೇತಿ ವಿಮಾನ ಎಷ್ಟೋ ಸಲ ಅರೆತುಂಬಿದ ಟ್ಯಾಂಕಿನಲ್ಲೇ ಏಳುತ್ತದೆ. ಹಿಂದೆ ಹಾರಿಸಿದವರು "ಇನ್ನೂ ಬೇಕಾದಷ್ಟಿದೆ" ಅಂದರೆ ಅದು ಲೆಕ್ಕವಲ್ಲ. ಗೇಜನ್ನೂ ನಂಬಬೇಡ. ರೆಕ್ಕೆ ವಾಲಿದರೆ ಮುಳ್ಳೂ ವಾಲುತ್ತದೆ. ವಿಮಾನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎರಡೂ ಟ್ಯಾಂಕಿಗೆ ಅಳತೆಕೋಲು ನೀನೇ ಇಳಿಸಿ ನೋಡು. ಕೋಲು ಆ ವಿಮಾನದ್ದೇ ಇರಬೇಕು, ದೊಡ್ಡ ಸೆಸ್ನಾ 172ರ ಕೋಲು 152ಕ್ಕೆ ಆಗದು. ಮುಚ್ಚಳವನ್ನೂ ನೀನೇ ಬಿಗಿ ಮಾಡು. ಸಡಿಲವಿದ್ದರೆ ರೆಕ್ಕೆಯ ಮೇಲಿನ ಕಡಿಮೆ ಒತ್ತಡ ಇಂಧನವನ್ನು ಹೊರಗೆಳೆಯುತ್ತದೆ, ಒಳಗೆ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಈಗ ಲೆಕ್ಕ. ಒಟ್ಟು 60 ಲೀಟರ್ ಇದೆ ಎಂದುಕೋ. ಸುಮಾರು 6 ಲೀಟರ್ ತಳದಲ್ಲೇ ಉಳಿಯುತ್ತದೆ, ಎಂಜಿನ್ನಿಗೆ ಸಿಗುವುದಿಲ್ಲ. ಸ್ಟಾರ್ಟಿಗೂ ಟ್ಯಾಕ್ಸಿಗೂ (ನೆಲದ ಮೇಲೆ ಓಡಿಸುವುದಕ್ಕೂ) 3 ಕಳೆ. ಉಳಿದ 51 ಲೀಟರ್, ಗಂಟೆಗೆ 23ರಂತೆ, 2 ಗಂಟೆ 13 ನಿಮಿಷ. ಹಗಲಿಗೆ 30 ನಿಮಿಷ, ರಾತ್ರಿಗೆ 45 ನಿಮಿಷ ಮೀಸಲು ಎನ್ನುತ್ತದೆ ಅಮೆರಿಕದ ನಿಯಮ. ನನಗದು ಸಾಲದು, ನೀನು ಒಂದು ಗಂಟೆ ಇಟ್ಟುಕೋ. ಅಂದರೆ ಹಾರಲು ಸಿಕ್ಕುವುದು ಒಂದೂಕಾಲು ಗಂಟೆಗೂ ಕಮ್ಮಿ.

ಗಾಳಿ ಈ ಲೆಕ್ಕವನ್ನು ಸದ್ದಿಲ್ಲದೆ ಕೆಡಿಸುತ್ತದೆ. ವಿಮಾನದ ವೇಗ 95 ನಾಟ್ (ಗಂಟೆಗೆ 95 ನಾಟಿಕಲ್ ಮೈಲಿ) ಇದ್ದರೆ 100 ನಾಟಿಕಲ್ ಮೈಲಿಗೆ 63 ನಿಮಿಷ. ಮಳೆಗಾಲದಲ್ಲಿ ಘಟ್ಟ ದಾಟಿ ಪಡುವಣಕ್ಕೆ ಬರುವಾಗ 20 ನಾಟ್ ಎದುರುಗಾಳಿ ಸಿಕ್ಕರೆ ಅದೇ ದೂರಕ್ಕೆ 80 ನಿಮಿಷ. ಮೇಲೆ ಹೋದ ಬಳಿಕ ಮಿಕ್ಸ್‌ಚರ್ (ಎಂಜಿನ್ನಿಗೆ ಹೋಗುವ ಗಾಳಿ-ಇಂಧನದ ಮಿಶ್ರಣ) ತೆಳು ಮಾಡದಿದ್ದರೆ ಖರ್ಚು ಇನ್ನೂ ಏರುತ್ತದೆ. ಅದಕ್ಕೇ ಮೈಲಿ ಎಣಿಸಬೇಡ, ನಿಮಿಷ ಎಣಿಸು. ಎಷ್ಟು ಹೊತ್ತಿಗೆ ಇಳಿಯಲೇಬೇಕೆಂದು ತೊಡೆಯ ಮೇಲಿನ ಪ್ಯಾಡಿನಲ್ಲಿ ಬರೆದುಕೊಂಡೇ ಏಳು.

ಅಳತೆಯ ಮಾನವನ್ನೂ ನೋಡು. ಇಂಧನ ತುಂಬಿಸುವ ಬೌಸರ್ ಲಾರಿಯವರು ಲೀಟರಿನಲ್ಲಿ ಕೊಡುತ್ತಾರೆ, ಸೆಸ್ನಾದ ಪುಸ್ತಕ ಅಮೆರಿಕನ್ ಗ್ಯಾಲನ್ನಿನಲ್ಲಿ ಹೇಳುತ್ತದೆ, ಒಂದಕ್ಕೆ 3.785 ಲೀಟರ್. 1983ರಲ್ಲಿ ಏರ್ ಕೆನಡಾದ ದೊಡ್ಡ ಬೋಯಿಂಗ್ 767 ಕಿಲೋ, ಪೌಂಡುಗಳ ಗೊಂದಲದಲ್ಲಿ ಬರಿಟ್ಯಾಂಕಾಗಿ ಗಿಮ್ಲಿ ಎಂಬಲ್ಲಿ ಇಳಿಯಿತು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ.

ನಾಳೆ ಪೈಪರ್ ಕಂಪನಿಯ ವಿಮಾನ ಹಾರಿಸಿದರೆ ಇನ್ನೊಂದು ತೊಡಕು: ಅವರ ಚೆರೋಕಿ ವಿಮಾನದ ಸೆಲೆಕ್ಟರಿನಲ್ಲಿ (ಯಾವ ಟ್ಯಾಂಕಿನಿಂದ ಇಂಧನ ಬರಬೇಕೆಂದು ಆರಿಸುವ ಹಿಡಿಯಲ್ಲಿ) ಎಡ, ಬಲ ಮಾತ್ರ, ಎರಡೂ ಒಟ್ಟಿಗೆ ಇಲ್ಲ. ಒಂದು ಟ್ಯಾಂಕ್ ತುಂಬಿದ್ದರೂ ಇನ್ನೊಂದು ಬರಿದಾಗಿ ಎಂಜಿನ್ ನಿಲ್ಲಬಹುದು. ಅರ್ಧ ಗಂಟೆಗೊಮ್ಮೆ ಬದಲಿಸು.

ಇಷ್ಟಾಗಿಯೂ 152ರ ಎಂಜಿನ್ ನಿಂತರೆ, ಮೊದಲು 60 ನಾಟ್ ಹಿಡಿ. 1000 ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ, ಅಷ್ಟರೊಳಗಿನ ಜಾಗ ಆರಿಸು. ನಮ್ಮೂರಿನ ಕಡೆಯಾದರೆ ಅಡಿಕೆ ತೋಟ ಬೇಡವೇ ಬೇಡ. ಪದವಿನ ಬಯಲು ಅಗಲವಾಗಿ ಕಂಡರೂ ಕೆಂಪುಕಲ್ಲಿನ ಕೋರೆಯ ಗುಂಡಿಗಳಿರುತ್ತವೆ, ಮೇಲಿನಿಂದ ನೆರಳಿನಂತೆ ಕಾಣುತ್ತವೆ. ಕೊಯ್ಲಾದ ಒಣ ಗದ್ದೆ ವಾಸಿ, ಹುಣಿಗೆ (ಗದ್ದೆಯ ಬದುವಿಗೆ) ಅಡ್ಡ ಹೋಗದೆ ಉದ್ದಕ್ಕೆ ಇಳಿ. ನೀರು ನಿಂತ ಗದ್ದೆಯಲ್ಲಿ ಚಕ್ರ ಹೂತು ವಿಮಾನ ಮಗುಚುತ್ತದೆ. ಎತ್ತರವಿದ್ದರೆ ಸೆಲೆಕ್ಟರ್, ಮಿಕ್ಸ್‌ಚರ್, ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿಗಾಳಿ), ಮ್ಯಾಗ್ನೆಟೊ (ಎಂಜಿನ್ನಿಗೆ ಕಿಡಿ ಕೊಡುವುದು) ಒಮ್ಮೆ ನೋಡು, ತುರ್ತು ರೇಡಿಯೊ ಆವರ್ತನ 121.5ರಲ್ಲಿ "ಮೇಡೇ" ಎಂದು ಸಹಾಯ ಕೇಳು. ಏನೂ ಹತ್ತದಿದ್ದರೆ ಇಂಧನ, ಮಿಕ್ಸ್‌ಚರ್, ಮ್ಯಾಗ್ನೆಟೊ ಎಲ್ಲ ಬಂದ್. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಕರೆಂಟಿನದು, ಅದನ್ನು ಇಳಿಸಿದ ಮೇಲೆಯೇ ಮಾಸ್ಟರ್ ಸ್ವಿಚ್ ಆಫ್ ಮಾಡು. ನೆಲ ಮುಟ್ಟುವ ಮೊದಲು ಬಾಗಿಲಿನ ಚಿಲಕ ತೆಗೆದಿರು, ಮಗುಚಿದರೆ ಅದು ಸಿಕ್ಕಿಕೊಳ್ಳುತ್ತದೆ.

ನಿನ್ನ ಅಪ್ಪ